ಕೊಪ್ಪಳದ ಕಂದಾಯ, ಜಪಾನಿನ ಕತ್ತಿ

ಹೈದರಾಬಾದಿನ ಮೂಸಿ ನದಿಯ ದಂಡೆಯಲ್ಲಿರುವ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಮೂರ್ತಿಯನ್ನು ನೋಡದೆ ಬರುವುದಿಲ್ಲ. ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದಂತೂ ಜಾತ್ರೆಯೇ ನೆರೆದಿರುತ್ತದೆ. ಆ ಗದ್ದಲದಿಂದ ಆಚೆ, ಜಪಾನಿನಿಂದ ಬಂದ ಪಿಂಗಾಣಿ ಮತ್ತು ರೇಷ್ಮೆ ಕಸೂತಿಯ ನಡುವೆ, ಸಮುರಾಯ್ ಕತ್ತಿಗಳಿವೆ. ಉದ್ದನೆಯದು ಕತಾನಾ, ಗಿಡ್ಡನೆಯದು ವಾಕಿಜಾಶಿ. ಕೊಪ್ಪಳ, ಯಲಬುರ್ಗಾ ಕಡೆಯಿಂದ ಹೋದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಕಾರಣವುಂಟು. ಈ ಕತ್ತಿಗಳ ಬೆಲೆಯಲ್ಲಿ ಅವರ ಮುತ್ತಜ್ಜಂದಿರ ಪಾಲೂ ಇದೆ.

ನಿಜಾಮರ ಕಾಲದಲ್ಲಿ ಈ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆದರೆ ಆಡಳಿತ ಒಂದೇ ರೀತಿಯದಾಗಿರಲಿಲ್ಲ. ಕುಷ್ಟಗಿ, ಗಂಗಾವತಿ ತಾಲ್ಲೂಕುಗಳ ಕಂದಾಯ ನಿಜಾಮ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಮಾತ್ರ ಸಾಲಾರ್ ಜಂಗ್ ಮನೆತನದ ಜಹಗೀರು. ಅಜಂತಾದವರೆಗೆ ಅಲ್ಲಲ್ಲಿ ಚದುರಿಹೋಗಿದ್ದ ದೊಡ್ಡ ಜಹಗೀರಿನ ಎರಡು ತುಂಡುಗಳು ಇವು. ಇಲ್ಲಿ ಎರೆಹೊಲದಲ್ಲಿ ಬಿಳಿಜೋಳ, ಹತ್ತಿ ಬೆಳೆದ ರೈತ ಕಟ್ಟಿದ ಕಂದಾಯ ನವಾಬರ ದೇವಡಿಗೆ ಸೇರುತ್ತಿತ್ತು.

ಆ ಮನೆತನದ ಕೊನೆಯ ಕುಡಿ ಮೀರ್ ಯೂಸುಫ್ ಅಲಿ ಖಾನ್. ಮೂರನೇ ಸಾಲಾರ್ ಜಂಗ್ ಎಂದೇ ಹೆಸರಾದವರು. 1912ರಲ್ಲಿ, ಇನ್ನೂ ಇಪ್ಪತ್ತಮೂರರ ಹರೆಯದಲ್ಲಿ ನಿಜಾಮರ ದಿವಾನರಾದರು. 1914ರಲ್ಲಿ ಆ ಹುದ್ದೆ ಬಿಟ್ಟರು. ಮದುವೆಯಾಗಲಿಲ್ಲ. ಮುಂದಿನ ಮೂವತ್ತೈದು ವರ್ಷ ಅವರ ಕಾಲ, ಹಣ, ಆಸಕ್ತಿ ಎಲ್ಲವೂ ಅಪರೂಪದ ವಸ್ತುಗಳನ್ನು ಕೊಳ್ಳುವುದಕ್ಕೇ ಹೋಯಿತು. ಯುರೋಪಿನ ವ್ಯಾಪಾರಿಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಯಾವ ಊರಿನ ಯಾವ ವರ್ಷದ ಕಂದಾಯ ಯಾವ ಕತ್ತಿಯಾಯಿತು ಎಂದು ಕೇಳಿದರೆ ಲೆಕ್ಕ ಹೇಳುವವರಿಲ್ಲ. ಜಹಗೀರಿನ ಹಣಕ್ಕೆ ಬಣ್ಣವಿರುವುದಿಲ್ಲವಲ್ಲ!

ಕತ್ತಿಯೇ ಆತ್ಮ ಎಂದು ನಂಬಿದ್ದ ನಾಡಿನಿಂದ ಕತ್ತಿಗಳು ಮಾರುಕಟ್ಟೆಗೆ ಬಂದದ್ದಾದರೂ ಹೇಗೆ? 1876ರಲ್ಲಿ ಜಪಾನಿನ ಮೇಜಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಸೈನಿಕರು, ಪೊಲೀಸರು ಮತ್ತು ಕೆಲವು ಅಧಿಕಾರಿಗಳನ್ನು ಬಿಟ್ಟು ಯಾರೂ ಸೊಂಟಕ್ಕೆ ಕತ್ತಿ ಸಿಗಿಸಿಕೊಂಡು ತಿರುಗುವಂತಿಲ್ಲ. ಶತಮಾನಗಳಿಂದ ಎರಡು ಕತ್ತಿ ಧರಿಸುವುದೇ ಗುರುತಾಗಿದ್ದ ಸಮುರಾಯ್‌ಗಳು ಒಂದೇ ಏಟಿಗೆ ಬರಿಗೈಯಾದರು. ಕಮ್ಮಾರರಿಗೆ ಕೆಲಸ ತಪ್ಪಿತು. ಹಿಡಿ, ಒರೆಗಳ ಕುಸುರಿಗಾರರು ಪರದೇಶದ ಶ್ರೀಮಂತರು ಮೆಚ್ಚುವಂಥ ಅಲಂಕಾರದ ವಸ್ತುಗಳತ್ತ ತಿರುಗಿದರು. ಪಶ್ಚಿಮದ ಸಂಗ್ರಾಹಕರಿಗೆ ಸುಗ್ಗಿಯಾಯಿತು.

ಇದು ಕೊಂಡು ತಂದ ಕತ್ತಿಯ ಕತೆ. ಇಂದು ಜಗತ್ತಿನಾದ್ಯಂತ ಹವ್ಯಾಸಿಗಳು ಹೆಚ್ಚಾಗಿ ಹುಡುಕುವುದು ಇನ್ನೊಂದು ಬಗೆಯದನ್ನು. ಅದು ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನಾಧಿಕಾರಿಗಳ ಸೊಂಟದಲ್ಲಿದ್ದ ಕತ್ತಿ. ಜಪಾನಿ ಭಾಷೆಯಲ್ಲಿ ಗುಂತೊ, ಅಂದರೆ ಸೇನಾ ಕತ್ತಿ.

ಮೇಜಿ ಕಾಲದ ಜಪಾನ್ ತನ್ನ ಸೈನ್ಯಕ್ಕೆ ಯುರೋಪಿನ ಉಡುಪು ತೊಡಿಸಿದಾಗ ಕತ್ತಿಗೂ ಯುರೋಪಿನ ಹಿಡಿಯನ್ನೇ ಹಾಕಿತ್ತು. 1930ರ ದಶಕದಲ್ಲಿ ರಾಷ್ಟ್ರಾಭಿಮಾನದ ಗಾಳಿ ಬೀಸಿದ ಮೇಲೆ ಹಳೆಯ ಸಮುರಾಯ್ ಕತ್ತಿಯ ಆಕಾರ ಮರಳಿ ಬಂತು. 1934ರಲ್ಲಿ ಬಂದ ಮಾದರಿಗೆ 94 ಎಂದು ಹೆಸರು, 1938ರದಕ್ಕೆ 98. ಜಪಾನಿನ ಸಾಮ್ರಾಟ್ ಶಕೆಯಲ್ಲಿ ಅವು 2594 ಮತ್ತು 2598ನೇ ವರ್ಷಗಳು. ಕೊನೆಯ ಎರಡು ಅಂಕಿಯೇ ಹೆಸರಾಯಿತು. ಹಿಡಿಗೆ ತೊರಕೆ ಮೀನಿನ ಒರಟು ಚರ್ಮ, ಅದರ ಮೇಲೆ ಹೆಣೆದ ಪಟ್ಟಿ, ಹಿತ್ತಾಳೆಯ ಚೆರ್ರಿ ಹೂಗಳು. ಹಿಡಿಗೆ ಕಟ್ಟಿದ ಗೊಂಡೆಯ ಬಣ್ಣ ನೋಡಿದರೆ ಪದವಿ ತಿಳಿಯುತ್ತಿತ್ತು. ಕಂದಿನ ಜೊತೆ ನೀಲಿಯಿದ್ದರೆ ಕ್ಯಾಪ್ಟನ್ ದರ್ಜೆಯವರೆಗಿನ ಅಧಿಕಾರಿ, ಕೆಂಪಿದ್ದರೆ ಮೇಜರ್‌ನಿಂದ ಕರ್ನಲ್‌ವರೆಗೆ, ಚಿನ್ನದ ಎಳೆಯೂ ಸೇರಿದ್ದರೆ ಜನರಲ್.

ಅಧಿಕಾರಿಗಳು ಕತ್ತಿಯನ್ನು ತಮ್ಮ ಖರ್ಚಿನಲ್ಲೇ ಮಾಡಿಸಿಕೊಳ್ಳಬೇಕಿತ್ತು. ಸಂಗ್ರಾಹಕರ ನಿದ್ದೆ ಕೆಡಿಸಿರುವುದು ಇದೇ. ಹೊರಗಿನ ರೂಪ ಒಂದೇ ಆದರೂ ಒಳಗಿನ ಅಲಗು ಏನೂ ಆಗಿರಬಹುದು. ಕಾರ್ಖಾನೆಯ ಉಕ್ಕಿನ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಹದಮಾಡಿದ್ದು ಇರಬಹುದು. ದಕ್ಷಿಣ ಮಂಚೂರಿಯಾ ರೈಲ್ವೆ ಕಂಪನಿ ಚಳಿನಾಡಿನ ಯುದ್ಧಕ್ಕೆಂದು ತಯಾರಿಸಿದ ಕತ್ತಿ ಇರಬಹುದು. ಟೋಕಿಯೋದ ಯಾಸುಕುನಿ ದೇಗುಲದ ಆವರಣದಲ್ಲಿ 1933ರಿಂದ 1945ರವರೆಗೆ ಹಳೆಯ ಪದ್ಧತಿಯಲ್ಲೇ ಬಡಿದು ಮಾಡಿದ ಸುಮಾರು 8,100 ಕತ್ತಿಗಳಲ್ಲಿ ಒಂದಿರಬಹುದು. ಅಥವಾ ಮನೆತನದ ಮುನ್ನೂರು, ನಾನೂರು ವರ್ಷದ ಅಲಗಿಗೇ ಸೇನೆಯ ಹಿಡಿ ತೊಡಿಸಿ ಮಗನನ್ನು ಬರ್ಮಾಕ್ಕೆ ಕಳಿಸಿರಬಹುದು. ಕೆಳದರ್ಜೆಯ ಹವಾಲ್ದಾರರಿಗೆ ಮಾತ್ರ 1935ರಿಂದ ಸರ್ಕಾರವೇ ಕತ್ತಿ ಕೊಡುತ್ತಿತ್ತು. ಅವುಗಳ ಅಲಗಿನ ಮೇಲೆ ಕ್ರಮಸಂಖ್ಯೆ ಕೊರೆದಿರುತ್ತದೆ. ಹಿಡಿ ಎರಕದ ಲೋಹದ್ದು, ಹೆಣಿಗೆಯಂತೆ ಕಾಣಲೆಂದು ಬಣ್ಣ ಬಳಿದದ್ದು.

ಈ ಕತ್ತಿಗಳನ್ನು ಎದುರಿಸಿದವರಲ್ಲಿ ನಮ್ಮವರೂ ಇದ್ದರು. 1941ರ ಡಿಸೆಂಬರ್ 8ರ ನಡುರಾತ್ರಿಯ ಬಳಿಕ ಜಪಾನಿ ಸೇನೆ ಮಲಯಾದ ಕೋಟ ಭಾರು ತೀರದಲ್ಲಿ ಇಳಿಯಿತು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬೀಳಲು ಇನ್ನೂ ಸಮಯವಿತ್ತು. ಅಲ್ಲಿನ ವಿಮಾನ ನಿಲ್ದಾಣದ ಕಾವಲಿಗಿದ್ದುದು ನಿಜಾಮರ ಸಂಸ್ಥಾನದ ಸೇನೆಯ ಒಂದನೇ ಹೈದರಾಬಾದ್ ಪದಾತಿ ದಳ. ಸಿಂಗಪುರದ ಕಾವಲಿನಲ್ಲಿ ಮೈಸೂರು ಸಂಸ್ಥಾನದ ದಳವೂ ಇತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಗೆದ್ದವರ ಸೊಂಟದಲ್ಲಿ ಕತ್ತಿಗಳಿದ್ದವು.

ಮೂರೂವರೆ ವರ್ಷದ ಬಳಿಕ ಅದೇ ಊರಿನಲ್ಲಿ ಚಿತ್ರ ತಿರುಗಿತು. 1945ರ ಸೆಪ್ಟೆಂಬರ್ 12ರಂದು ಸಿಂಗಪುರದ ಪುರಭವನದಲ್ಲಿ ಜಪಾನಿನ ಜನರಲ್ ಇತಾಗಾಕಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದಾಗ ಭಾರತದ ಪರವಾಗಿ ಹಾಜರಿದ್ದವರು ಕೊಡಗಿನ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. ಯುದ್ಧಕ್ಕೆ ಮೊದಲು ಅವರಿದ್ದದ್ದು ಸಿಂಗಪುರದಲ್ಲೇ, 19ನೇ ಹೈದರಾಬಾದ್ ರೆಜಿಮೆಂಟಿನಲ್ಲಿ. ಅಲ್ಲಿಯೇ ಉಳಿದಿದ್ದರೆ ಅವರೂ ಸೆರೆಯಾಗುತ್ತಿದ್ದರು.

ಜಪಾನಿ ಅಧಿಕಾರಿಗಳು ಕತ್ತಿಯನ್ನು ಎಲ್ಲರೆದುರು ಕೈಯಾರೆ ಒಪ್ಪಿಸಬೇಕೆಂಬುದು ಲಾರ್ಡ್ ಮೌಂಟ್‌ಬ್ಯಾಟನ್ ಹಠ. ಅಮೆರಿಕದ ಜನರಲ್ ಮೆಕಾರ್ಥರ್ ಅವರಿಗೆ ಇದು ಇಷ್ಟವಿರಲಿಲ್ಲ. ಮೌಂಟ್‌ಬ್ಯಾಟನ್ ಬಿಡಲಿಲ್ಲ. ಕಾಯಿಲೆ ಬಿದ್ದಿದ್ದ ಫೀಲ್ಡ್ ಮಾರ್ಷಲ್ ತೆರೌಚಿ ನವೆಂಬರ್ 30ರಂದು ಸೈಗಾನಿನಲ್ಲಿ ತಮ್ಮ ಮನೆತನದ ಕತ್ತಿಗಳನ್ನು ಒಪ್ಪಿಸಿದರು. ಅವುಗಳಲ್ಲಿ ಒಂದು ಬ್ರಿಟನ್ನಿನ ವಿಂಡ್ಸರ್ ಕೋಟೆ ಸೇರಿತು. ಉಳಿದ ಅಧಿಕಾರಿಗಳ ಸಾವಿರಾರು ಕತ್ತಿಗಳು ರಾಶಿ ಬಿದ್ದು, ಗೆದ್ದವರ ಸಾಮಾನಿನ ಪೆಟ್ಟಿಗೆಯಲ್ಲಿ ದೇಶದೇಶ ಸುತ್ತಿದವು.

ಕತ್ತಿ ಒಪ್ಪಿಸುವುದೆಂದರೆ ಏನೆಂದು ಕೊಪ್ಪಳ ಸೀಮೆಗೆ ಹೇಳಿಕೊಡಬೇಕಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಮರುವರ್ಷ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆ ಹಿಡಿದ; ಅಲ್ಲೇ ಹೋರಾಡುತ್ತ ಮಡಿದ. ಆಗ ಹೈದರಾಬಾದಿನಲ್ಲಿ ದಿವಾನರಾಗಿದ್ದು ಇಂಗ್ಲಿಷರ ಪಕ್ಷ ಬಿಡದೆ ನಿಂತವರು ಮೊದಲನೇ ಸಾಲಾರ್ ಜಂಗ್. ಕತ್ತಿ ಕೊಂಡ ನವಾಬರ ಅಜ್ಜ.

ಈಗ ಸಂಗ್ರಾಹಕರ ವಿಷಯಕ್ಕೆ ಬರೋಣ. ಜಪಾನಿ ಕತ್ತಿಯ ಜಾತಕವಿರುವುದು ಹೊಳೆಯುವ ಅಲಗಿನಲ್ಲಿ ಮಾತ್ರವಲ್ಲ, ಹಿಡಿಯೊಳಗೆ ಹುದುಗಿದ ಬುಡದಲ್ಲಿ. ಹಿಡಿಯ ಬಿದಿರಿನ ಮೊಳೆ ತೆಗೆದರೆ ಬುಡ ಹೊರಬರುತ್ತದೆ. ಕಮ್ಮಾರನ ಹೆಸರು, ಕೆಲವೊಮ್ಮೆ ಮಾಡಿದ ವರ್ಷ ಅಲ್ಲಿ ಕೆತ್ತಿರುತ್ತದೆ. ಕಾರ್ಖಾನೆಯ ಮಾಲಾದರೆ ಪುಟ್ಟ ಮುದ್ರೆ ಒತ್ತಿರುತ್ತದೆ. ಬುಡಕ್ಕೆ ಹಿಡಿದ ತುಕ್ಕಿನ ಬಣ್ಣವೇ ವಯಸ್ಸಿನ ಸಾಕ್ಷಿ: ಇತ್ತೀಚಿನದಾದರೆ ಕೆಂಗಂದು, ಶತಮಾನಗಳದ್ದಾದರೆ ಕಪ್ಪು. ಇಂಥ ಕತ್ತಿಗೆ ದೊಡ್ಡ ಶತ್ರು ಎಂದರೆ ಅದನ್ನು ಪ್ರೀತಿಸುವ ಯಜಮಾನನೇ. ನಮ್ಮಲ್ಲಿ ಮಾನೌಮಿ ಬಂತೆಂದರೆ ಆಯುಧಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು ಕುಂಕುಮ ಇಡುವ ರೂಢಿ. ನಮ್ಮ ಕತ್ತಿಗೆ ಅದು ಸರಿ. ಜಪಾನಿ ಕತ್ತಿಯ ಬುಡವನ್ನು ಹಾಗೆ ತಿಕ್ಕಿದರೆ ನಾನೂರು ವರ್ಷದ ದಾಖಲೆ ಅರ್ಧ ಗಂಟೆಯಲ್ಲಿ ತೊಳೆದು ಹೋಗುತ್ತದೆ. ಅಲಗನ್ನು ಉಪ್ಪುಕಾಗದದಿಂದ ಉಜ್ಜಿದರೆ ಬಾಯಿಯುದ್ದಕ್ಕೂ ಅಲೆಯಂತೆ ಕಾಣುವ ಹದದ ಗೆರೆ ಮಾಸುತ್ತದೆ. ತೆಳ್ಳಗೆ ಎಣ್ಣೆ ಸವರಿ ಇಟ್ಟರೆ ಸಾಕು.

ಕೊಳ್ಳುವ ಮುನ್ನ ಕಾನೂನನ್ನೂ ನೋಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪಟ್ಟಿಯಲ್ಲಿ ಕತ್ತಿಯೂ ಸೇರಿದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳಿಗೆ ಅನ್ವಯಿಸುತ್ತದೆ. 1940ರ ಕಾರ್ಖಾನೆ ಕತ್ತಿಗೆ ಇನ್ನೂ ಆ ವಯಸ್ಸಾಗಿಲ್ಲ. ಅದರೊಳಗೆ ಮನೆತನದ ಹಳೆಯ ಅಲಗಿದ್ದರೆ ಮಾತು ಬೇರೆ. ಜಪಾನಿನಲ್ಲಂತೂ ಕಲಾಕೃತಿ ಎನಿಸಿದ ಕತ್ತಿಗಳಿಗೆ ಮಾತ್ರ ನೋಂದಣಿ; ಕಾರ್ಖಾನೆಯ ಸೇನಾ ಕತ್ತಿಯನ್ನು ಅಲ್ಲಿನ ಕಾನೂನು ಉಳಿಸಿಕೊಳ್ಳಲು ಬಿಡುವುದಿಲ್ಲ. ಅದು ತವರಿಗೆ ಮರಳಿದರೆ ಗುಜರಿಯೇ ಗತಿ.

ಮೂರನೇ ಸಾಲಾರ್ ಜಂಗ್ 1949ರ ಮಾರ್ಚ್ 2ರಂದು ತೀರಿಕೊಂಡರು. ಅಷ್ಟರಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಕೊನೆಗೊಂಡಿತ್ತು. ಅದೇ ವರ್ಷದ ಆಗಸ್ಟ್ 15ರಂದು ಸಂಸ್ಥಾನದ ಜಹಗೀರುಗಳೆಲ್ಲ ರದ್ದಾದವು. ವಾರಸುದಾರ ಮಕ್ಕಳಿಲ್ಲದ ದೇವಡಿಯಲ್ಲಿ ಉಳಿದ ವಸ್ತುರಾಶಿಯನ್ನು 1951ರ ಡಿಸೆಂಬರ್ 16ರಂದು ಪ್ರಧಾನಿ ನೆಹರೂ ಸಾರ್ವಜನಿಕರಿಗೆ ತೆರೆದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು; 1968ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂತು. ಒಂದು ಕಾಲಕ್ಕೆ ಕಂದಾಯ ಕಟ್ಟಿ ಆ ಕತ್ತಿಗಳನ್ನು ಕೊಡಿಸಿದ ಊರುಗಳ ಮಂದಿ ಈಗ ಟಿಕೆಟ್ ಕೊಂಡು ಅವನ್ನು ನೋಡಿ ಬರುತ್ತಾರೆ.