ತಾಜ್ ಮಹಲ್ ಪ್ಯಾಲೇಸ್ ಹೋಟೆಲ್, ಮುಂಬಯಿ

ತಾಜ್ ಮಹಲ್ ಪ್ಯಾಲೇಸ್ ಮುಂಬಯಿ ನಗರದ ಕೊಲಾಬಾ ಭಾಗದಲ್ಲಿ, ಅಪೊಲೊ ಬಂದರ್ ಎಂಬ ಸಮುದ್ರತೀರದಲ್ಲಿ ಇರುವ ಐಷಾರಾಮಿ ಹೋಟೆಲ್. ಉದ್ಯಮಿ ಜಮ್‌ಶೆಟ್‌ಜಿ ನಸರ್ವಾನ್‌ಜಿ ಟಾಟಾ ಅವರು ಕಟ್ಟಿಸಿದ ಈ ಹೋಟೆಲ್ 1903ರ ಡಿಸೆಂಬರ್ 16ರಂದು ಅತಿಥಿಗಳಿಗೆ ತೆರೆಯಿತು. ಟಾಟಾ ಸಮೂಹದ ಇಂಡಿಯನ್ ಹೋಟೆಲ್ಸ್ ಕಂಪನಿ ಇದರ ಒಡೆತನ ಹೊಂದಿದೆ. ಇದರ ಎದುರಿಗೆ ಗೇಟ್‌ವೇ ಆಫ್ ಇಂಡಿಯಾ ಸ್ಮಾರಕವೂ ಅದರಾಚೆಗೆ ಅರಬ್ಬೀ ಸಮುದ್ರದ ಬಂದರು ಕೊಲ್ಲಿಯೂ ಇವೆ. 2008ರ ನವೆಂಬರ್ 26ರಂದು ಭಯೋತ್ಪಾದಕರ ದಾಳಿಗೆ ಗುರಿಯಾದ ಮುಂಬಯಿಯ ಸ್ಥಳಗಳಲ್ಲಿ ಇದೂ ಒಂದು.

ಕನ್ನಡದ ಆಡುಮಾತಿನಲ್ಲಿ ‘ಹೋಟೆಲ್’ ಎಂದರೆ ಇಡ್ಲಿ, ದೋಸೆ, ಚಹಾ ದೊರೆಯುವ ತಾಣ. ಬಸವಕಲ್ಯಾಣ, ಹುಮನಾಬಾದ್ ಕಡೆ ಊಟಕ್ಕೆ ಖಾನಾವಳಿ, ತಂಗಲು ಲಾಡ್ಜ್ ಎಂಬ ಬೇರೆ ಬೇರೆ ಪದಗಳೇ ಇವೆ. ಈ ಲೇಖನದಲ್ಲಿ ಹೋಟೆಲ್ ಎಂಬ ಪದವನ್ನು ವಸತಿ, ಭೋಜನ, ಮನರಂಜನೆ ಮೂರೂ ಒಂದೇ ಸೂರಿನಡಿ ದೊರೆಯುವ ಸಂಸ್ಥೆ ಎಂಬ ಅರ್ಥದಲ್ಲಿ ಬಳಸಲಾಗಿದೆ.

ಸ್ಥಳ

ಸಮುದ್ರತೀರದ ಹೋಟೆಲ್ ಎಂದಾಗ ಮನಸ್ಸಿಗೆ ಬರುವ ಮರಳಿನ ದಂಡೆ ಇಲ್ಲಿಲ್ಲ. ಇರುವುದು ಕಲ್ಲಿನ ತಡೆಗೋಡೆ, ಅದಕ್ಕೆ ಬಡಿಯುವ ಅಲೆಗಳು, ಸಾಲಾಗಿ ನಿಂತ ದೋಣಿಗಳು. ‘ಅಪೊಲೊ’ ಎಂಬುದು ಗ್ರೀಕ್ ದೇವತೆಯ ಹೆಸರಿನಂತೆ ಕೇಳಿಸಿದರೂ ಅದು ‘ಪಾಲವಾ’ ಎಂಬ ಸ್ಥಳೀಯ ಹೆಸರಿನ ಅಪಭ್ರಂಶವೆಂಬುದು ಪ್ರಚಲಿತ ಅಭಿಪ್ರಾಯ. ಗೇಟ್‌ವೇ ಸ್ಮಾರಕ ಮೊದಲು, ಹೋಟೆಲ್ ಆಮೇಲೆ ಎಂದು ಅನೇಕರು ಭಾವಿಸುತ್ತಾರೆ, ಇದು ತಪ್ಪು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗಾಗಿ ಆ ಸ್ಮಾರಕಕ್ಕೆ 1913ರಲ್ಲಿ ಅಡಿಗಲ್ಲು ಬಿತ್ತು. ಅದು ಉದ್ಘಾಟನೆಗೊಂಡದ್ದು 1924ರ ಡಿಸೆಂಬರ್ 4ರಂದು. ಅಂದರೆ ಮೊದಲ ಎರಡು ದಶಕಗಳ ಕಾಲ ಹಡಗಿನಲ್ಲಿ ಬರುವವರಿಗೆ ದೂರದಿಂದ ಕಾಣುತ್ತಿದ್ದ ಮುಂಬಯಿಯ ಗುರುತು ತಾಜ್‌ನ ಗುಮ್ಮಟವೇ ಆಗಿತ್ತು.

ಬೀದರ ಜಿಲ್ಲೆಯ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಮುಂಬಯಿಗೆ ಸಮೀಪದ ಕಲ್ಯಾಣವೂ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣವೂ ಬೇರೆ ಬೇರೆ. ಆದರೂ ಹಳೆಯ ನಂಟು ಇಲ್ಲದೆ ಇಲ್ಲ. ಈ ಕರಾವಳಿಯನ್ನು ಆಳಿದ ಉತ್ತರ ಕೊಂಕಣದ ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಆ ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್ ಗ್ರಾಮ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿಯ ಹೆಸರಾಂತ ಹೋಟೆಲೆಂದರೆ ವಾಟ್ಸನ್ಸ್ ಎಸ್‌ಪ್ಲನೇಡ್ ಹೋಟೆಲ್. ಎರಕದ ಕಬ್ಬಿಣದ ಚೌಕಟ್ಟಿನ ಆ ಕಟ್ಟಡದಲ್ಲಿಯೇ 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳ ಪ್ರದರ್ಶನ ಭಾರತದಲ್ಲಿ ಮೊದಲ ಬಾರಿಗೆ ನಡೆಯಿತು. ಅಲ್ಲಿ ಭಾರತೀಯನೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಲ್ಪಟ್ಟ ಜಮ್‌ಶೆಟ್‌ಜಿ ಛಲದಿಂದ ತಾಜ್ ಕಟ್ಟಿಸಿದರೆಂಬ ಕಥೆ ಬಹಳ ಪ್ರಸಿದ್ಧ. ಈ ಕಥೆಗೆ ಗಟ್ಟಿಯಾದ ಆಧಾರವಿಲ್ಲವೆಂದು ಹಲವು ಬರಹಗಾರರು ಅಭಿಪ್ರಾಯಪಟ್ಟಿದ್ದಾರೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಹಬ್ಬಿ ಜನ ಊರು ಬಿಟ್ಟು ಹೋಗುತ್ತಿದ್ದರು, ವ್ಯಾಪಾರ ಕುಗ್ಗಿತ್ತು. ತಾವು ಬಾಳಿ ಬೆಳೆದ ನಗರಕ್ಕೆ ಮತ್ತೆ ಕಳೆ ತರಬೇಕೆಂಬುದು ಜಮ್‌ಶೆಟ್‌ಜಿಯವರ ಉದ್ದೇಶವಾಗಿತ್ತೆಂಬ ವಿವರಣೆ ಹೆಚ್ಚು ಒಪ್ಪತಕ್ಕದ್ದಾಗಿದೆ. ಹಾಗೆಂದು ಆ ಕಾಲದ ವರ್ಣಭೇದ ಸುಳ್ಳಲ್ಲ: ಅಪೊಲೊ ಬಂದರಿನಲ್ಲಿಯೇ ಇದ್ದ ರಾಯಲ್ ಬಾಂಬೆ ಯಾಟ್ ಕ್ಲಬ್ಬಿಗೆ ಭಾರತೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಪಕ್ಕದಲ್ಲಿಯೇ ಭಾರತೀಯನೊಬ್ಬ ಕಟ್ಟಿಸಿದ, ಹಣ ಕೊಟ್ಟ ಯಾರಿಗೂ ಬಾಗಿಲು ತೆರೆದಿದ್ದ ಅರಮನೆಯೊಂದು ಎದ್ದು ನಿಂತದ್ದು ಸಣ್ಣ ಮಾತಲ್ಲ.

ಜಮ್‌ಶೆಟ್‌ಜಿಯವರ ಮನೆಯಲ್ಲಿಯೇ ಈ ಯೋಜನೆಗೆ ಮೆಚ್ಚುಗೆ ಇರಲಿಲ್ಲ. ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ, ಇನ್ನೊಂದೆಡೆ ಉಕ್ಕಿನ ಕಾರ್ಖಾನೆ ಎಂದು ದೊಡ್ಡ ಕನಸು ಕಾಣುವವರು ಈಗ ಖಾನಾವಳಿಯನ್ನೂ ನಡೆಸುವುದೇ ಎಂದು ಅವರ ಸಹೋದರಿ ಅಚ್ಚರಿಪಟ್ಟರೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ.

ನಿರ್ಮಾಣ

ಕಟ್ಟಡದ ಮೂಲ ವಿನ್ಯಾಸ ಭಾರತೀಯರದು. ರಾವ್‌ಸಾಹೇಬ್ ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಎಂಬ ವಾಸ್ತುಶಿಲ್ಪಿಗಳು ಇದನ್ನು ರೂಪಿಸಿದರು. ಕೆಲಸ ಮುಗಿಯುವ ಮೊದಲೇ ವೈದ್ಯರು ತೀರಿಕೊಂಡುದರಿಂದ ಡಬ್ಲ್ಯು. ಎ. ಚೇಂಬರ್ಸ್ ಎಂಬ ಆಂಗ್ಲ ವಾಸ್ತುಶಿಲ್ಪಿ ಅದನ್ನು ಪೂರ್ಣಗೊಳಿಸಿದರು. ಗುತ್ತಿಗೆದಾರರಾಗಿದ್ದ ಖಾನ್‌ಸಾಹೇಬ್ ಸೊರಾಬ್‌ಜಿ ರತನ್‌ಜಿ ಅವರು ನಡುವಣ ಮೆಟ್ಟಿಲುಸಾಲನ್ನು ವಿನ್ಯಾಸಗೊಳಿಸಿದರು. ಕೆಳಗೆ ಕಂಬಗಳ ಆಧಾರವಿಲ್ಲದೆ ಗೋಡೆಯಿಂದ ಚಾಚಿಕೊಂಡು, ಗುಮ್ಮಟದ ಅಡಿಯಲ್ಲಿ ತೇಲುತ್ತಿರುವಂತೆ ಕಾಣುವ ಈ ಮೆಟ್ಟಿಲುಗಳು ಇಂದಿಗೂ ಕಟ್ಟಡದ ಒಳಾಂಗಣದ ಮುಖ್ಯ ಆಕರ್ಷಣೆ.

ಸಾಮಗ್ರಿಗಳನ್ನು ಆರಿಸಲು ಜಮ್‌ಶೆಟ್‌ಜಿ ತಾವೇ ಯುರೋಪಿಗೆ ಹೋದರು. ನೃತ್ಯಶಾಲೆಯ ಕಬ್ಬಿಣದ ಕಂಬಗಳನ್ನು ಪ್ಯಾರಿಸಿನಲ್ಲಿ, ವಿದ್ಯುತ್ ಯಂತ್ರೋಪಕರಣಗಳನ್ನು ಡ್ಯೂಸೆಲ್‌ಡಾರ್ಫಿನಲ್ಲಿ, ತೂಗುದೀಪಗಳನ್ನು ಬರ್ಲಿನ್ನಿನಲ್ಲಿ ಕೊಂಡರು. ಫ್ಯಾನುಗಳು ಅಮೆರಿಕದಿಂದ ಬಂದವು. ವಿದ್ಯುತ್ ದೀಪಗಳು, ಜರ್ಮನಿಯ ಲಿಫ್ಟುಗಳು, ಟರ್ಕಿ ಮಾದರಿಯ ಸ್ನಾನಗೃಹಗಳು ಅಂದಿನ ಮುಂಬಯಿಗೆ ಹೊಸವು. ಒಟ್ಟು ವೆಚ್ಚ ಸುಮಾರು 2.5 ಲಕ್ಷ ಪೌಂಡುಗಳೆಂದು ಹೇಳಲಾಗುತ್ತದೆ.

ತೆರೆದ ದಿನ ಇದ್ದ ಅತಿಥಿಗಳು ಹದಿನೇಳು ಮಂದಿ ಮಾತ್ರ. ಕೋಣೆಯ ದಿನದ ಬಾಡಿಗೆ 10 ರೂಪಾಯಿ, ಫ್ಯಾನು ಮತ್ತು ಪ್ರತ್ಯೇಕ ಸ್ನಾನಗೃಹವಿದ್ದರೆ 13 ರೂಪಾಯಿ ಇತ್ತೆಂದು ಹೋಟೆಲಿನ ಇತಿಹಾಸ ಹೇಳುವವರು ಉಲ್ಲೇಖಿಸುತ್ತಾರೆ. ತಾವು ಕಟ್ಟಿಸಿದ ಹೋಟೆಲಿನ ವೈಭವವನ್ನು ಕಾಣಲು ಜಮ್‌ಶೆಟ್‌ಜಿ ಹೆಚ್ಚು ದಿನ ಬದುಕಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ನಿಧನರಾದರು.

ವಾಸ್ತುಶೈಲಿ ಮತ್ತು ‘ತಿರುಗುಮುರುಗು’ ಕಥೆ

ಕಟ್ಟಡದ ಶೈಲಿಯನ್ನು ಇಂಡೋ-ಸಾರ್ಸೆನಿಕ್ ಎಂದು ಗುರುತಿಸುವುದು ವಾಡಿಕೆ. ಗುಜರಾತಿನ ಹವೇಲಿಗಳನ್ನು ನೆನಪಿಸುವ ಝರೋಕಾ ಕಿಟಕಿಗಳು, ಇಸ್ಲಾಮೀ ಕಮಾನುಗಳು, ಮೂಲೆಗಳಲ್ಲಿ ಈರುಳ್ಳಿಯಾಕಾರದ ಗುಮ್ಮಟಗಳು, ನಡುವೆ ಯುರೋಪಿನ ಪುನರುಜ್ಜೀವನ ಕಾಲವನ್ನು ಹೋಲುವ ದೊಡ್ಡ ಕೆಂಪು ಗುಮ್ಮಟ, ಇಷ್ಟೂ ಒಂದೆಡೆ ಸೇರಿವೆ. ಬರಹದಲ್ಲಿ ಓದಿದರೆ ಕಲಸುಮೇಲೋಗರವೆನಿಸಬಹುದು. ದೋಣಿಯಿಂದ ನೋಡಿದವರಿಗೆ ಹಾಗೆ ಅನಿಸುವುದಿಲ್ಲ.

ಹೋಟೆಲಿನ ಮೂಲ ಪ್ರವೇಶದ್ವಾರ ಸಮುದ್ರದ ಕಡೆಗಿರದೆ ನಗರದ ಕಡೆಗಿತ್ತು. ಇದರಿಂದ ಒಂದು ದಂತಕಥೆ ಹುಟ್ಟಿತು: ಕಟ್ಟುವವರು ನಕ್ಷೆಯನ್ನು ತಿರುಗಿಸಿ ಹಿಡಿದು ಹಿಂದು ಮುಂದಾಗಿ ಕಟ್ಟಿಬಿಟ್ಟರು, ಅದನ್ನು ಕಂಡ ವಾಸ್ತುಶಿಲ್ಪಿ ಮೇಲಿನಿಂದ ಹಾರಿ ಪ್ರಾಣ ಬಿಟ್ಟ ಎಂದು. ಪ್ರವಾಸಿ ಮಾರ್ಗದರ್ಶಕರು ಇದನ್ನು ಇಂದಿಗೂ ಹೇಳುತ್ತಾರೆ. ಈ ಕಥೆ ನಿಜವಲ್ಲ. ಕುದುರೆಗಾಡಿಗಳು ನಗರದ ಕಡೆಯಿಂದ ಬರುತ್ತಿದ್ದುದರಿಂದ ಪ್ರವೇಶ ಅತ್ತ ಇದ್ದುದು ಸಹಜ. ಸಮುದ್ರದ ಗಾಳಿಯೂ ನೋಟವೂ ಹೆಚ್ಚು ಕೋಣೆಗಳಿಗೆ ದೊರೆಯಲೆಂಬುದು ವಿನ್ಯಾಸದ ಉದ್ದೇಶ. ಹವಾನಿಯಂತ್ರಣವಿಲ್ಲದ ಕಾಲದಲ್ಲಿ ಮುಂಬಯಿಯ ಬೇಸಗೆಯನ್ನು ಕಳೆದವರಿಗೆ ಇದರ ಜಾಣತನ ಅರ್ಥವಾದೀತು. ಮುಂದೆ ಪ್ರವೇಶ ಸಮುದ್ರದ ಕಡೆಗೆ ಬದಲಾಗಿ, ಹಳೆಯ ಮುಂಭಾಗದ ಅಂಗಳದಲ್ಲಿ ಈಜುಕೊಳ ಬಂದಿತು.

ಸ್ವಾತಂತ್ರ್ಯಪೂರ್ವದ ವರ್ಷಗಳು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೋಟೆಲನ್ನು 600 ಹಾಸಿಗೆಗಳ ಆಸ್ಪತ್ರೆಯನ್ನಾಗಿ ಮಾರ್ಪಡಿಸಲಾಗಿತ್ತು. ಯುದ್ಧ ಮುಗಿದ ಮೇಲಿನ ಎರಡು ದಶಕಗಳು ತಾಜ್‌ನ ಸುವರ್ಣಕಾಲ. ದೇಶೀ ಸಂಸ್ಥಾನಗಳ ಅರಸರು, ಹಡಗಿನಿಂದ ಇಳಿದ ಅಧಿಕಾರಿಗಳು, ವ್ಯಾಪಾರಿಗಳು ಇಲ್ಲಿ ತಂಗುತ್ತಿದ್ದರು. ಸರೋಜಿನಿ ನಾಯ್ಡು ಅವರು ಮುಂಬಯಿಗೆ ಬಂದಾಗ ಇಲ್ಲಿರುತ್ತಿದ್ದರು. ಅವರ ಕೋಣೆ ರಾಜಕೀಯ ಮಾತುಕತೆಗಳ ಕೂಡುದಾಣವೂ ಆಗಿತ್ತು. 1933ರಲ್ಲಿ ಆರಂಭವಾದ ಹಾರ್ಬರ್ ಬಾರ್ ನಗರದ ಮೊದಲ ಪರವಾನಗಿ ಪಡೆದ ಮದ್ಯಶಾಲೆಯೆಂದು ಹೆಸರಾಗಿದೆ.

ಸಂಗೀತದ ಇತಿಹಾಸದಲ್ಲಿಯೂ ತಾಜ್‌ಗೆ ಸ್ಥಾನವಿದೆ. 1935ರಲ್ಲಿ ಅಮೆರಿಕದ ಆಫ್ರಿಕನ್ ಮೂಲದ ಪಿಟೀಲುವಾದಕ ಲಿಯಾನ್ ಆಬಿ ತಮ್ಮ ಜಾಝ್ ತಂಡದೊಡನೆ ಇಲ್ಲಿ ಕಾರ್ಯಕ್ರಮ ನೀಡಿದರು. ಅವರ ಬಳಿಕ ಪಿಯಾನೋವಾದಕ ಟೆಡ್ಡಿ ವೆದರ್‌ಫರ್ಡ್ ಬಂದರು. ಇವರ ಬಳಿ ಕಲಿತ, ಇವರೊಡನೆ ನುಡಿಸಿದ ಗೋವೆಯ ಕಲಾವಿದರಲ್ಲಿ ಹಲವರು ಮುಂದೆ ಹಿಂದಿ ಚಲನಚಿತ್ರಗಳ ವಾದ್ಯವೃಂದಗಳನ್ನು ಸೇರಿದರು. ‘ಚಿಕ್ ಚಾಕೊಲೇಟ್’ ಎಂಬ ಹೆಸರಿನ ತುತ್ತೂರಿವಾದಕ ಆಂಟೋನಿಯೊ ಷೇವಿಯರ್ ವಾಝ್ ಇವರಲ್ಲೊಬ್ಬರು. ನಮ್ಮ ಹಳ್ಳಿಗಳ ಟೂರಿಂಗ್ ಟಾಕೀಸಿನಲ್ಲಿ ಕೇಳಿದ ಎಷ್ಟೋ ಹಿಂದಿ ಹಾಡುಗಳ ತಾಳಕ್ಕೆ ಮೂಲ ಈ ನೃತ್ಯಶಾಲೆಯಲ್ಲಿದೆ.

ಗೋಪುರ ಮತ್ತು ವಿಸ್ತರಣೆ

ಸ್ವಾತಂತ್ರ್ಯಾನಂತರ ಹಡಗಿನ ಪ್ರಯಾಣ ಕಡಿಮೆಯಾಗಿ ವಿಮಾನಯಾನ ಹೆಚ್ಚಿತು. ಪಕ್ಕದಲ್ಲಿದ್ದ ಗ್ರೀನ್ಸ್ ಹೋಟೆಲಿನ ಜಾಗದಲ್ಲಿ ಮೆಲ್ಟನ್ ಬೆಕರ್ ವಿನ್ಯಾಸದ ಎತ್ತರದ ‘ತಾಜ್ ಮಹಲ್ ಟವರ್’ 1973ರಲ್ಲಿ ತೆರೆಯಿತು. ಹಳೆಯ ಅರಮನೆಯ ಪಕ್ಕದಲ್ಲಿ ಈ ಬಹುಮಹಡಿ ಕಟ್ಟಡ ಹೊಂದುವುದಿಲ್ಲವೆಂಬ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಅದರಿಂದ ಕೋಣೆಗಳ ಸಂಖ್ಯೆ ಗಣನೀಯವಾಗಿ ಹೆಚ್ಚಿತು. ಅದೇ ಕಾಲದಲ್ಲಿ ಅಜಿತ್ ಕೇರ್ಕರ್ ಅವರ ನೇತೃತ್ವದಲ್ಲಿ ಕಂಪನಿ ಉದಯಪುರ, ಜೈಪುರಗಳ ಅರಮನೆಗಳನ್ನು ನಡೆಸಲು ವಹಿಸಿಕೊಂಡಿತು. 1974ರಲ್ಲಿ ಗೋವೆಯ ಅಗ್ವಾದ ಕೋಟೆಯ ಬಳಿ ನಿಜವಾದ ಮರಳತೀರದ ವಿಹಾರಧಾಮವನ್ನೂ ಆರಂಭಿಸಿತು.

2008ರ ದಾಳಿ

2008ರ ನವೆಂಬರ್ 26ರ ರಾತ್ರಿ ಲಷ್ಕರ್-ಎ-ತೊಯ್ಬಾ ಸಂಘಟನೆಯ ಹತ್ತು ಮಂದಿ ಸಮುದ್ರಮಾರ್ಗವಾಗಿ ಮುಂಬಯಿಗೆ ಬಂದು ಹಲವೆಡೆ ದಾಳಿ ನಡೆಸಿದರು. ಅವರಲ್ಲಿ ನಾಲ್ವರು ತಾಜ್ ಹೊಕ್ಕರು. ಗುಂಡಿನ ಕಾಳಗ, ಸ್ಫೋಟ ಮತ್ತು ಬೆಂಕಿಯ ನಡುವೆ ಮುತ್ತಿಗೆ ನವೆಂಬರ್ 29ರ ಬೆಳಗಿನವರೆಗೆ ನಡೆಯಿತು. ಗುಮ್ಮಟದ ಸುತ್ತ ಹೊಗೆ ಏಳುತ್ತಿದ್ದ ದೃಶ್ಯವನ್ನು ಜಗತ್ತು ದೂರದರ್ಶನದಲ್ಲಿ ಕಂಡಿತು. ನಗರದಲ್ಲಿ ಒಟ್ಟು 166 ಜನ ಹತರಾದರು. ಹೋಟೆಲಿನೊಳಗೆ ಸತ್ತವರು 31 ಮಂದಿ. ಅವರ ಹೆಸರುಗಳನ್ನು ಹೋಟೆಲಿನ ಸ್ಮಾರಕದಲ್ಲಿ ಕೆತ್ತಲಾಗಿದೆ.

ಸತ್ತವರಲ್ಲಿ ಹೋಟೆಲಿನ ನೌಕರರೂ ಇದ್ದರು. ಹಿಂಬದಿಯ ದಾರಿಗಳನ್ನೆಲ್ಲ ಬಲ್ಲ ಇವರು ತಾವು ಮೊದಲು ಪಾರಾಗಬಹುದಿತ್ತು. ಬದಲಾಗಿ ಅತಿಥಿಗಳನ್ನು ಕತ್ತಲೆಯಲ್ಲಿ ಒಂದೆಡೆ ಕೂರಿಸಿ, ನೀರು ಕೊಟ್ಟು ಸಮಾಧಾನಪಡಿಸಿ, ಅಡುಗೆಮನೆಯ ಮೂಲಕ ಗುಂಪು ಗುಂಪಾಗಿ ಹೊರಗೆ ಸಾಗಿಸಿದರು. ಹೀಗೆ ಸಾಗಿಸುವಾಗಲೇ ಅಡುಗೆಯವರಲ್ಲಿ ಹಲವರು ಗುಂಡಿಗೆ ಬಲಿಯಾದರು. ಹೋಟೆಲಿನ ಪ್ರಧಾನ ವ್ಯವಸ್ಥಾಪಕರು ತಮ್ಮ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಇದೇ ಕಟ್ಟಡದಲ್ಲಿ ಕಳೆದುಕೊಂಡರೂ ಕೆಲಸ ಬಿಟ್ಟು ಕದಲಲಿಲ್ಲ.

ನೌಕರರು ಹೀಗೇಕೆ ನಡೆದುಕೊಂಡರೆಂಬುದನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ರೋಹಿತ್ ದೇಶಪಾಂಡೆ ಅಧ್ಯಯನ ಮಾಡಿ 2011ರಲ್ಲಿ ಲೇಖನ ಪ್ರಕಟಿಸಿದರು. ಕಂಪನಿಯು ನೌಕರರನ್ನು ಮಹಾನಗರಗಳಿಗಿಂತ ಸಣ್ಣ ಊರುಗಳಿಂದ ಆರಿಸಿಕೊಳ್ಳುತ್ತಿತ್ತು, ಅಂಕಗಳಿಗಿಂತ ಹಿರಿಯರ ಬಗೆಗಿನ ಗೌರವ, ಹಸನ್ಮುಖ ಮುಂತಾದ ಗುಣಗಳನ್ನು ನೋಡುತ್ತಿತ್ತು, ಉಳಿದ ಹೋಟೆಲುಗಳು ವರ್ಷದಲ್ಲಿ ಮುಗಿಸುವ ತರಬೇತಿಯನ್ನು ಹದಿನೆಂಟು ತಿಂಗಳು ನೀಡುತ್ತಿತ್ತು ಎಂದು ಅವರು ಗುರುತಿಸಿದ್ದಾರೆ. ಸಣ್ಣ ಊರಿನ ಮಕ್ಕಳಿಗೆ ಇಂಗ್ಲಿಷ್ ಬಾರದೆಂದು ಹಿಂಜರಿಯುವ ಪಾಲಕರು ಈ ಮಾತನ್ನು ಗಮನಿಸಬೇಕು.

ಕಾರ್ಯಾಚರಣೆಯಲ್ಲಿ ರಾಷ್ಟ್ರೀಯ ಭದ್ರತಾ ಪಡೆಯ ಮೇಜರ್ ಸಂದೀಪ್ ಉನ್ನಿಕೃಷ್ಣನ್ ನವೆಂಬರ್ 28ರಂದು ತಾಜ್‌ನೊಳಗೆ ವೀರಮರಣ ಹೊಂದಿದರು. ಕೇರಳ ಮೂಲದ ಕುಟುಂಬಕ್ಕೆ ಸೇರಿದ ಅವರು ಬೆಳೆದದ್ದು, ಶಾಲೆ ಕಲಿತದ್ದು ಬೆಂಗಳೂರಿನಲ್ಲಿ. ಗಾಯಗೊಂಡ ಸಹ ಸೈನಿಕನನ್ನು ಹೊರಗೆ ಕಳಿಸಿ ತಾವೊಬ್ಬರೇ ಭಯೋತ್ಪಾದಕರ ಬೆನ್ನಟ್ಟಿದ್ದರು. ಅವರಿಗೆ 2009ರ ಜನವರಿ 26ರಂದು ಮರಣೋತ್ತರವಾಗಿ ಅಶೋಕ ಚಕ್ರ ನೀಡಲಾಯಿತು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಪುನರಾರಂಭ

ಗೋಪುರದ ಭಾಗ ಒಂದು ತಿಂಗಳೊಳಗೆ, 2008ರ ಡಿಸೆಂಬರ್ 21ರಂದು ಮತ್ತೆ ತೆರೆಯಿತು. ಬೆಂಕಿಗೆ ಸಿಕ್ಕಿದ್ದ ಹಳೆಯ ಅರಮನೆಯ ದುರಸ್ತಿ ಹೆಚ್ಚು ಕಾಲ ಹಿಡಿದು, 2010ರ ಆಗಸ್ಟ್ 15ರಂದು ಮುಗಿಯಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಇಲ್ಲಿಯೇ ತಂಗಿ, ಮಡಿದವರಿಗೆ ಗೌರವ ಸಲ್ಲಿಸಿದರು. ದಾಳಿಯನ್ನು ಕುರಿತ ‘ಹೋಟೆಲ್ ಮುಂಬೈ’ (2018) ಚಲನಚಿತ್ರದಲ್ಲಿ ಈ ಹೋಟೆಲಿನ ಕಥೆಯೇ ಮುಖ್ಯ. 2017ರಲ್ಲಿ ಕಟ್ಟಡದ ಹೊರರೂಪಕ್ಕೆ ವ್ಯಾಪಾರಚಿಹ್ನೆಯ ನೋಂದಣಿ ದೊರೆಯಿತು. ಭಾರತದಲ್ಲಿ ಕಟ್ಟಡವೊಂದಕ್ಕೆ ಇಂತಹ ನೋಂದಣಿ ಅದೇ ಮೊದಲು. 2020ರ ಕೋವಿಡ್ ಕಾಲದಲ್ಲಿ ವೈದ್ಯಕೀಯ ಸಿಬ್ಬಂದಿಗೆ ಇಲ್ಲಿ ಕೋಣೆಗಳನ್ನು ನೀಡಲಾಗಿತ್ತು.

ಕರ್ನಾಟಕದೊಡನೆ ಸಂಬಂಧ

ಜಮ್‌ಶೆಟ್‌ಜಿಯವರ ದತ್ತಿಯಿಂದ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಮೀನು ನೀಡಿತು. ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಬಸವನಗುಡಿಯ ಬಳಿಯ ‘ಟಾಟಾ ಸಿಲ್ಕ್ ಫಾರಂ’ ಬಡಾವಣೆಯ ಹೆಸರು, ಜಪಾನೀ ತಜ್ಞರ ನೆರವಿನಿಂದ ಅವರು ಅಲ್ಲಿ ನಡೆಸಿದ ರೇಷ್ಮೆ ಕೃಷಿಯ ಗುರುತು. ಮುಂಬಯಿಯ ಹೋಟೆಲ್ ಉದ್ಯಮದಲ್ಲಿ ಕನ್ನಡಿಗರ ದಾರಿ ಬೇರೆಯಾಗಿತ್ತು. ತಾಜ್ ಸಿರಿವಂತರಿಗೆ ಮೀಸಲಾಗಿದ್ದ ಕಾಲದಲ್ಲಿಯೇ, 1942ರಲ್ಲಿ, ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿ ಬಾಳೆಲೆಯ ಊಟ ಬಡಿಸಿದರು.

ಭೇಟಿ

ಹೋಟೆಲ್ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ನಿಲ್ದಾಣದಿಂದ ಸುಮಾರು ಎರಡೂವರೆ ಕಿ.ಮೀ. ದೂರದಲ್ಲಿದೆ. ಬೀದರಿನಿಂದ ಮುಂಬಯಿಗೆ ನೇರ ರೈಲು ಇದೆ. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿರುವುದರಿಂದ ರಸ್ತೆಯ ಮೂಲಕವೂ ಹೋಗಬಹುದು. ದಾಳಿಯ ಬಳಿಕ ಗೇಟ್‌ವೇ ಆವರಣದಲ್ಲಿಯೂ ಹೋಟೆಲಿನ ಬಾಗಿಲಲ್ಲಿಯೂ ತಪಾಸಣೆ ಇರುತ್ತದೆ. ಕಟ್ಟಡದ ಪೂರ್ಣ ನೋಟ ಬೇಕಾದವರು ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಹೊರಡುವ ದೋಣಿಯನ್ನು ಹತ್ತುವುದು ಒಳ್ಳೆಯದು.