ಬೀದರ ಸೀಮೆಯ ತಾಲೀಮುಗಳು ಮತ್ತು ಮಕ್ಕಳ ಅಂಗಸಾಧನೆ

ಬೀದರ ನಗರದ ಹಳೆಯ ಊರಿನಲ್ಲಿ ಸಂಚರಿಸಿದ ವಾಚಕರಿಗೆ ಸಿದ್ದೀಕ ಶಾಹ ತಾಲೀಮು, ನೂರಖಾನ ತಾಲೀಮು, ಮನಿಯಾರ ತಾಲೀಮು ಎಂಬ ಹೆಸರುಗಳು ಅಪರಿಚಿತವಲ್ಲ. ಇಂದು ಅವು ಓಣಿಗಳ ಹೆಸರುಗಳು. ಜನವಾಡದಿಂದ ಬೀದರಕ್ಕೆ ಸಂತೆಗೋ ಕಚೇರಿಗೋ ಬಂದವನು ಅವನ್ನು ದಾರಿ ಕೇಳುವುದಕ್ಕೆ ಬಳಸುತ್ತಾನೆಯೇ ಹೊರತು, ಅವುಗಳ ಅರ್ಥವನ್ನು ವಿಚಾರಿಸುವುದಿಲ್ಲ. ತಾಲೀಮು ಎಂಬುದು ಅರಬ್ಬೀ ಮೂಲದ ಪದ. ಅದರ ಅರ್ಥ ಶಿಕ್ಷಣ. ದಖ್ಖನಿನ ಜನರು ಈ ಪದವನ್ನು ಗರಡಿಮನೆಗೆ ಇಟ್ಟುಕೊಂಡರು. ಚೌಬಾರದಿಂದ ತುಸು ದೂರದಲ್ಲಿ, 1472ರಲ್ಲಿ ಮಹಮೂದ ಗವಾನನು ಕಟ್ಟಿಸಿದ ಮದರಸಾ ನಿಂತಿದೆ. ಅಲ್ಲಿ ಅಕ್ಷರದ ಶಿಕ್ಷಣ ನಡೆಯಿತು. ಓಣಿಯ ತಾಲೀಮಿನಲ್ಲಿ ಅಂಗದ ಶಿಕ್ಷಣ ನಡೆಯಿತು. ಎರಡನ್ನೂ ಶಿಕ್ಷಣವೆಂದೇ ಕರೆದ ಆ ಜನರ ತಿಳಿವಳಿಕೆ ಮೆಚ್ಚತಕ್ಕದ್ದು. ನಾವಾದರೋ ಮೊದಲನೆಯದನ್ನು ಮಾತ್ರ ಶಿಕ್ಷಣವೆಂದೂ ಎರಡನೆಯದನ್ನು ಕಾಲಹರಣವೆಂದೂ ಬಗೆದಿದ್ದೇವೆ.

ಮಕ್ಕಳ ಅಂಗಸಾಧನೆಯ ಮಾತನ್ನು ಇತಿಹಾಸದಿಂದ ಆರಂಭಿಸುವುದಕ್ಕೆ ಕಾರಣವುಂಟು. ಈ ಸೀಮೆಯಲ್ಲಿ ವ್ಯಾಯಾಮಕ್ಕೆ ಎಂದೂ ಕೊರತೆಯಿರಲಿಲ್ಲ. ಆದರೆ ಅದು ಯಾರಿಗಾಗಿ ನಡೆಯಿತು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರ ದೊರೆಯುತ್ತದೆ. ಆ ಉತ್ತರಗಳಲ್ಲಿ ಮಗುವಿನ ಹೆಸರು ಬಹಳ ತಡವಾಗಿ ಬರುತ್ತದೆ.

ಕಲ್ಯಾಣದ ಚಾಲುಕ್ಯರ ಬಿರುದುಗಳನ್ನೇ ನೋಡಿರಿ. ಆಹವಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ, ಎಲ್ಲದರಲ್ಲಿಯೂ ಮಲ್ಲನೇ. ಭೂಲೋಕಮಲ್ಲನೆನಿಸಿದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಮೀಸಲಾಗಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವರ್ಗೀಕರಿಸುವುದು, ಅವರಿಗೆ ಎಂತಹ ಆಹಾರವನ್ನು ಒದಗಿಸಬೇಕೆಂಬುದು, ಭಾರವೆತ್ತುವ ಶ್ರಮ, ನಡಿಗೆಯ ಶ್ರಮ, ನೀರಿನಲ್ಲಿ ನಿಂತು ಮಾಡುವ ಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಇವೆಲ್ಲವೂ ಅಲ್ಲಿ ವಿವರಿಸಲ್ಪಟ್ಟಿವೆ. ಇಂದಿನ ಮಲ್ಲಗಂಬದ ಪೂರ್ವರೂಪವನ್ನು ವಿದ್ವಾಂಸರು ಈ ಸ್ತಂಭಶ್ರಮದಲ್ಲಿ ಗುರುತಿಸಿದ್ದಾರೆ. ನಮ್ಮ ಬಸವಕಲ್ಯಾಣವನ್ನು ರಾಜಧಾನಿಯಾಗಿ ಹೊಂದಿದ್ದ ಅರಸನು ಎಂಟುನೂರು ವರ್ಷಗಳಿಗೂ ಹಿಂದೆ, ಒಬ್ಬನ ಶಕ್ತಿಯನ್ನರಿತು ಶ್ರಮವನ್ನು ವಿಧಿಸಬೇಕೆಂಬ ಸೂಕ್ಷ್ಮವನ್ನು ಬಲ್ಲವನಾಗಿದ್ದನೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ಅಧ್ಯಾಯದ ಹೆಸರನ್ನು ಮರೆಯಬಾರದು: ಅದು ‘ವಿನೋದ’. ವಿನೋದ ಅರಸನದು, ಬೆವರು ಮಲ್ಲನದು. ಅದೇ ಕಲ್ಯಾಣದಲ್ಲಿ ಒಂದೆರಡು ದಶಕಗಳ ತರುವಾಯ ಶರಣರು ಕಾಯದ ದುಡಿಮೆಗೆ ಕಾಯಕವೆಂಬ ಗೌರವವನ್ನು ತಂದುಕೊಟ್ಟರೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಮತ್ತೆ ಹೇಳಬೇಕಾಗಿಲ್ಲ.

ತಾಲೀಮುಗಳ ಕಾಲಕ್ಕೆ ವ್ಯಾಯಾಮವು ಅರಮನೆಯಿಂದ ಓಣಿಗೆ ಇಳಿಯಿತು. ಬೀದರದ ಒಂದೊಂದು ಭಾಗಕ್ಕೆ ಒಂದೊಂದು ತಾಲೀಮು. ಅದು ಆ ಭಾಗದ ಯುವಕರು ಕೂಡುವ ಸ್ಥಳ, ಮೊಹರಮ್ಮಿನ ಮೆರವಣಿಗೆ ಹೊರಡುವ ಸ್ಥಳ, ಓಣಿಯ ಮಾನದ ಸ್ಥಳ. ಹಳ್ಳಿಗಳಲ್ಲಿ ಇದೇ ಕೆಲಸವನ್ನು ಗರಡಿಮನೆ ಮಾಡಿತು. ಅಲ್ಲಿನ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದನ್ನು ಕಣ್ಣಾರೆ ಕಾಣದ ತಲೆಮಾರೇ ಈಗ ಬೆಳೆದಿದೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಹರಳು ತೆಗೆದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಕಣವನ್ನು ಹದಗೊಳಿಸುತ್ತಿದ್ದರು. ಬೀದರದ ಪ್ರಸ್ಥಭೂಮಿಯೇ ಕೆಂಪು ಜಂಬಿಟ್ಟಿಗೆಯದು. ಕೆಳಗಿಳಿದರೆ ಎರೆ ನೆಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಕಾಲು ಹಿಡಿಯುವಂತಹದು. ಕುಸ್ತಿಗೆ ಎರೆ ಒಗ್ಗುವುದಿಲ್ಲವಾದ್ದರಿಂದ ಕೆಮ್ಮಣ್ಣನ್ನು ತಂದು ತುಂಬಬೇಕಾಗುತ್ತಿತ್ತು. ಹೊಸದಾಗಿ ಬಂದ ಹುಡುಗನಿಗೆ ವಸ್ತಾದನು ಮೊದಲ ದಿನವೇ ಪಟ್ಟು ಕಲಿಸುತ್ತಿರಲಿಲ್ಲ. ಗುದ್ದಲಿ ಕೊಟ್ಟು ಕಣವನ್ನು ಅಗೆಸುತ್ತಿದ್ದನು. ಅಗೆತದಿಂದ ಹುಡುಗನ ತೋಳು, ಬೆನ್ನು, ಉಸಿರು ಹದಕ್ಕೆ ಬರುತ್ತಿದ್ದವು, ಕಣವೂ ಮೆತ್ತಗಾಗುತ್ತಿತ್ತು. ಆಮೇಲೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಿದ್ದನು, ಆಮೇಲೆ ದಂಡ, ಬೈಠಕು. ಸಾಮು ಮುಗಿದ ಮೇಲೆ ಹುಡುಗನು ಏನು ತಿಂದನು, ರಾತ್ರಿ ಎಷ್ಟು ಹೊತ್ತಿಗೆ ಮಲಗಿದನು, ಎಲ್ಲೆಲ್ಲಿ ಅಲೆದನು ಎಂಬ ಲೆಕ್ಕವೂ ವಸ್ತಾದನಲ್ಲಿ ಇರುತ್ತಿತ್ತು. ಜಾತ್ರೆಯ ಕುಸ್ತಿಯಲ್ಲಿ ಮೊದಲಿಗೆ ಚಿಕ್ಕ ಹುಡುಗರ ಜೋಡಿಗಳನ್ನು ಬಿಡುತ್ತಿದ್ದರು. ಗೆದ್ದವನಿಗೆ ಒಂದು ತೆಂಗಿನಕಾಯಿ. ಬೆಳ್ಳಿಯ ಕಡಗವು ದೊಡ್ಡವರಿಗೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಗರಡಿಯನ್ನು ಸ್ವರ್ಗವೆಂದು ಬಣ್ಣಿಸಿದಂತಾಗಬಾರದು. ಆ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಪಂಚಮಿಯ ದಿನ ಗಂಡುಮಕ್ಕಳು ಗುಂಡು ಎತ್ತುವ, ನಿಂಬೆಹಣ್ಣು ಎಸೆಯುವ ಪಂದ್ಯಗಳಲ್ಲಿ ಊರೆಲ್ಲ ಮೆರೆಯುತ್ತಿದ್ದರೆ, ಹೆಣ್ಣುಮಕ್ಕಳ ಪಾಲಿಗೆ ಒಂದು ಜೋಕಾಲಿ. ಹಬ್ಬ ಮುಗಿದೊಡನೆ ಅದರ ಹಗ್ಗವನ್ನೂ ಬಿಚ್ಚಿಬಿಡುತ್ತಿದ್ದರು. ಬೆಳೆಯುವ ಎಲುಬಿಗೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬ ಸಂಗತಿ ನಮ್ಮ ಹಿರಿಯರ ಗಮನಕ್ಕೆ ಬರಲೇ ಇಲ್ಲ.

ಮುಂದಿನ ಘಟ್ಟವು ಕಹಿಯಾದುದು. ಆದರೂ ಇತಿಹಾಸವನ್ನು ಬರೆಯುವವನು ಅದನ್ನು ದಾಟಿಹೋಗಲಾರನು. 1930ರ ದಶಕದಲ್ಲಿ ಹೈದರಾಬಾದ ಸಂಸ್ಥಾನದ ಸರಕಾರವು ಹೊಸ ಅಖಾಡಗಳನ್ನು ಸಂಶಯದ ಕಣ್ಣಿನಿಂದ ನೋಡತೊಡಗಿತು. 1938-39ರಲ್ಲಿ ಆರ್ಯಸಮಾಜವು ನಡೆಯಿಸಿದ ಸತ್ಯಾಗ್ರಹದ ದೂರುಗಳಲ್ಲಿ ಅಖಾಡಗಳ ಮೇಲಿನ ನಿರ್ಬಂಧವೂ ಒಂದಾಗಿತ್ತು. ವ್ಯಾಯಾಮವು ಹೀಗೆ ಪಂಗಡಗಳ ಬಲಪ್ರದರ್ಶನವಾಯಿತು. 1947-48ರಲ್ಲಿ ರಜಾಕಾರರು ಯುವಕರಿಗೆ ಕವಾಯತು ಕಲಿಸಿದರು. ಅದರ ಫಲವನ್ನು 1948ರ ಮೇ ತಿಂಗಳಿನಲ್ಲಿ ಗೋರಟಾ ಗ್ರಾಮವು ಉಂಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಪ್ರತೀಕಾರದ ಹಿಂಸೆ ನಡೆಯಿತು. ಅದನ್ನು ವಿಚಾರಿಸಿದ ಪಂಡಿತ ಸುಂದರಲಾಲ ಸಮಿತಿಯು ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಸೇರಿಸಿತು. ಹುಡುಗರ ತೋಳಿಗೆ ಬಲ ತುಂಬಿದವರು ಆ ಬಲದ ಉದ್ದೇಶವನ್ನೂ ತಾವೇ ನಿರ್ಧರಿಸಿದ್ದರು. ಒಂದೇ ಕಣದ ಮಣ್ಣನ್ನು ಮೈಗೆ ಬಳಿದುಕೊಂಡವರ ಮಕ್ಕಳು ಒಬ್ಬರಿಗೊಬ್ಬರು ಹೆದರುವಂತಾದ ಮೇಲೆ ತಾಯಂದಿರು ತಮ್ಮ ಮಕ್ಕಳನ್ನು ಗರಡಿಗೆ ಕಳುಹಿಸಲು ಹಿಂಜರಿದಿದ್ದರೆ ಅವರನ್ನು ದೂರುವುದು ಹೇಗೆ?

ಇದೇ ಅವಧಿಯಲ್ಲಿ ನೆರೆಯ ಸೀಮೆಗಳಲ್ಲಿ ಬೇರೊಂದು ಕಾರ್ಯ ಸದ್ದಿಲ್ಲದೆ ಸಾಗಿತ್ತು. ಓಣಿಯ ಆಟಗಳಿಗೆ ನಿಯಮಗಳನ್ನು ಕಟ್ಟುವ ಕಾರ್ಯವದು. ಪುಣೆಯಲ್ಲಿ 1914ರ ಸುಮಾರಿಗೆ ಖೋ-ಖೋ ಆಟದ ನಿಯಮಗಳು ರೂಪುಗೊಂಡವು. ಹುತುತು, ಚಡುಗುಡು ಎಂದು ಊರಿಗೊಂದು ಹೆಸರಿದ್ದ ಕಬಡ್ಡಿಗೆ ಮುಂದಿನ ದಶಕದಲ್ಲಿ ಕಟ್ಟುಪಾಡು ಬಂದಿತು. ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದವರು 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಈ ದೇಶೀಯ ಆಟವನ್ನು ಅಲ್ಲಿ ಪ್ರದರ್ಶಿಸಿದರು. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಬಕ್ ಎಂಬವರು ದೈಹಿಕ ಶಿಕ್ಷಕರ ತರಬೇತಿಯನ್ನು ಆರಂಭಿಸಿದ್ದರು. 1956ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರುವ ಹೊತ್ತಿಗೆ, ವಸ್ತಾದನ ಸ್ಥಾನದಲ್ಲಿ ಸೀಟಿ ಹಿಡಿದ ಡ್ರಿಲ್ ಮಾಸ್ತರನು ನಿಂತಾಗಿತ್ತು. ಶಾಲೆಯ ಬಾಗಿಲು ಜಾತಿಮತಗಳನ್ನೂ ಹೆಣ್ಣು ಗಂಡುಗಳನ್ನೂ ಕೇಳದೆ ತೆರೆಯತಕ್ಕದ್ದಾದುದರಿಂದ ಇದು ನಿಜವಾಗಿಯೂ ದೊಡ್ಡ ಬದಲಾವಣೆ. ಮಗುವಿನ ಆರೋಗ್ಯಕ್ಕಾಗಿಯೇ ಮಗುವನ್ನು ಆಡಿಸಬೇಕೆಂಬ ವಿಚಾರ ಮೊದಲ ಬಾರಿಗೆ ಸರಕಾರದ ಕಾಗದದಲ್ಲಿ ಕಾಣಿಸಿಕೊಂಡದ್ದು ಶಾಲೆಯ ಮೂಲಕವೇ.

ಕಾಗದದಿಂದ ಮೈದಾನಕ್ಕೆ ಇರುವ ದೂರವನ್ನು ಮಾತ್ರ ವಾಚಕರು ತಾವೇ ಅಳೆಯಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದು ಹೇಳಿದೆ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದು ವಿಧಿಸಿರುವುದು 6ರಿಂದ 8ನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100ನ್ನು ಮೀರಿದಲ್ಲಿ ಮಾತ್ರ. ಔರಾದ, ಭಾಲ್ಕಿ ತಾಲೂಕುಗಳ ಸಣ್ಣ ಹಳ್ಳಿಗಳನ್ನೂ ತಾಂಡಾಗಳನ್ನೂ ಬಲ್ಲವರು ಈ ಅಂಕಿಯ ಅರ್ಥವನ್ನು ಕೂಡಲೇ ಗ್ರಹಿಸುವರು. ಓಣಿಯ ವಸ್ತಾದನಿಗೆ ನೂರು ಹುಡುಗರು ಬೇಕಾಗಿರಲಿಲ್ಲ. ಐದಾರು ಮಂದಿ ಬಂದರೂ ಕಣವನ್ನು ಅಗೆಸುತ್ತಿದ್ದನು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 5ರಿಂದ 17 ವರ್ಷದ ಮಕ್ಕಳು ದಿನವೊಂದಕ್ಕೆ ಸರಾಸರಿ 60 ನಿಮಿಷ ಮೈಬೆವರುವಂತೆ ಚಟುವಟಿಕೆಯಲ್ಲಿ ತೊಡಗಬೇಕು; ವಾರದಲ್ಲಿ ಕನಿಷ್ಠ 3 ದಿನ ಎಲುಬು ಸ್ನಾಯುಗಳನ್ನು ಬಲಪಡಿಸುವ ಆಟಗಳಿರಬೇಕು. 2016ರವರೆಗಿನ ಮಾಹಿತಿಯನ್ನು ಆಧರಿಸಿ ಅದೇ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿ ಅಷ್ಟು ಆಡುತ್ತಿರಲಿಲ್ಲ. ಗಂಡುಮಕ್ಕಳಲ್ಲಿ ಶೇಕಡಾ 78, ಹೆಣ್ಣುಮಕ್ಕಳಲ್ಲಿ ಶೇಕಡಾ 85. ಜೋಕಾಲಿಯ ಹಗ್ಗವನ್ನು ಬಿಚ್ಚಿಡುವ ಪದ್ಧತಿ ನಮ್ಮ ಸೀಮೆಯೊಂದರದೇ ಅಲ್ಲವೆಂದಾಯಿತು. ದೇಹದ ಎಲುಬು ಹೆಚ್ಚಾಗಿ ಗಟ್ಟಿಗೊಳ್ಳುವುದು ಹರೆಯದ ವರ್ಷಗಳಲ್ಲಿಯೇ. ಆಗ ಕೂಡಿಡದ ಬಲವನ್ನು ಮುಪ್ಪಿನಲ್ಲಿ ಔಷಧಾಲಯದಿಂದ ಕೊಂಡು ತರಲಾಗದು. ಪಕ್ಕದ ಮನೆಯ ಹುಡುಗಿಯನ್ನು ಪರೀಕ್ಷೆಯ ನೆಪದಿಂದ ವರ್ಷವಿಡೀ ಕೂಡಿಸಿಟ್ಟು, ಆಕೆಗೆ ರಕ್ತ ಕಡಿಮೆ, ಸುಸ್ತು ಬಹಳ ಎಂದು ಕೊರಗುವ ತಂದೆತಾಯಂದಿರನ್ನು ನೀವೂ ಕಂಡಿರಬಹುದು. ಸುಸ್ತಿಗೆ ಊಟವೂ ಬೇಕು, ವೈದ್ಯರೂ ಬೇಕು. ಓಡುವುದಕ್ಕೆ ಅಂಗಳವೂ ಬೇಕು.

ಖರ್ಚಿನ ಮಾತು ಎತ್ತುವವರಿಗೆ ಒಂದು ಲೆಕ್ಕ. ಗಂಡಸರ ಕಬಡ್ಡಿಯ ಅಂಗಣ 13 ಮೀಟರು ಉದ್ದ, 10 ಮೀಟರು ಅಗಲ; ಹೆಂಗಸರಿಗೆ 12 ಮೀಟರು ಉದ್ದ, 8 ಮೀಟರು ಅಗಲ. ಸುಗ್ಗಿ ಮುಗಿದ ಮೇಲೆ ಬರಿದಾಗಿ ಬಿದ್ದಿರುವ ರಾಶಿಯ ಕಣದಲ್ಲಿ ಇದು ಸುಲಭವಾಗಿ ಹಿಡಿಯುತ್ತದೆ. ಗೆರೆ ಎಳೆಯಲು ಒಂದು ಬುಟ್ಟಿ ಸುಣ್ಣದ ಪುಡಿ ಸಾಕು. ಬ್ಯಾಟು ಬೇಡ, ಚೆಂಡು ಬೇಡ. ಬೇಕಾದುದು, ಸಂಜೆಯ ಒಂದು ತಾಸು ಅಲ್ಲಿ ನಿಂತು, ಬಿದ್ದವರನ್ನು ಎಬ್ಬಿಸಿ, ಚಿಕ್ಕವರನ್ನು ದೊಡ್ಡವರ ಮೇಲೆ ಬಿಡದೆ ಜೋಡಿ ಕಟ್ಟಬಲ್ಲ ಒಬ್ಬ ಹಿರಿಯರು. ಅಂತಹವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಹಿಂದೆ ಜಾತ್ರೆಯ ಕಣದಲ್ಲಿ ಕುಸ್ತಿ ಆಡಿ, ಈಗ ಕಟ್ಟೆಯ ಮೇಲೆ ಕುಳಿತವರು.

ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ 1990ರಲ್ಲಿ ಬೀಜಿಂಗಿನಲ್ಲಿ ಸೇರಿತು. ಹೆಂಗಸರು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. 2010ರಲ್ಲಿ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಅವರಿಗೆ ಮೊದಲ ಅವಕಾಶ ದೊರೆತಾಗ ಭಾರತವೇ ಚಿನ್ನದ ಪದಕವನ್ನು ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನ ತೇಜಸ್ವಿನಿ ಬಾಯಿ ಇದ್ದರು, ಕಾರ್ಕಳ ತಾಲೂಕಿನ ಹಳ್ಳಿಯೊಂದರಲ್ಲಿ ಬೆಳೆದ ಮಮತಾ ಪೂಜಾರಿಯವರೂ ಇದ್ದರು.