ಹಿಂಡಿಗೆ ಹೊಸ ಮೇಕೆಮರಿಗಳ ಸೇರ್ಪಡೆ

ಸಂತೆಯಿಂದಲೋ ಬೇರೆ ಸಾಕಣೆದಾರರಿಂದಲೋ ತಂದ ಎಳೆಯ ಮೇಕೆಗಳನ್ನು ಮೊದಲೇ ಇರುವ ಹಿಂಡಿನೊಡನೆ ಹಂತಹಂತವಾಗಿ ಒಗ್ಗಿಸುವ ಸಾಕಣೆ ಕ್ರಮ. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್, ಕಾಡುಗೋಡಿ, ವರ್ತೂರಿನಂಥ ಕಡೆ ಗೋಮಾಳ, ಹೊಲಗಳು ಬಡಾವಣೆಗಳಾಗಿವೆ. ಹಿತ್ತಿಲ ಕೊಟ್ಟಿಗೆಯಲ್ಲಿ ನಾಲ್ಕಾರು ಮೇಕೆ ಸಾಕುವವರಿಗೆ ಇಲ್ಲಿ ಜಾಗದ ಇಕ್ಕಟ್ಟು ಇದ್ದದ್ದೇ. ಇಕ್ಕಟ್ಟಿದ್ದಷ್ಟೂ ಆತುರ ಅಪಾಯಕಾರಿ.

ಪ್ರತ್ಯೇಕವಾಗಿಡುವುದು: ಹೊಸ ಮರಿಗಳನ್ನು ಕನಿಷ್ಠ ಮೂರು ವಾರ ಬೇರೆ ಕಡೆ ಕಟ್ಟಬೇಕು. ಹಿರೇಬೇನೆ (ಪಿಪಿಆರ್) ಸಾಮಾನ್ಯವಾಗಿ ಸೋಂಕು ತಗಲಿದ 4ರಿಂದ 6 ದಿನಗಳಲ್ಲಿ ಕಾಣಿಸಿಕೊಂಡರೂ ವಿಶ್ವ ಪಶು ಆರೋಗ್ಯ ಸಂಸ್ಥೆ ಅದರ ಸುಪ್ತಾವಧಿಯನ್ನು 21 ದಿನವೆಂದು ಪರಿಗಣಿಸುತ್ತದೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಜ್ವರ, ಮೂಗು ಕಣ್ಣುಗಳ ಸೋರಿಕೆ, ಬಾಯಿಹುಣ್ಣು, ಭೇದಿ ಇದರ ಲಕ್ಷಣಗಳು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದರ ಲಸಿಕೆ ತಯಾರಿಸುತ್ತದೆ. ಮೂರು ತಿಂಗಳು ತುಂಬಿದ ಮರಿಗೆ, ಪ್ರಯಾಣದ ಆಯಾಸ ಕಳೆದ ಮೇಲೆ, ಪಶುವೈದ್ಯರಿಂದ ಲಸಿಕೆ ಹಾಕಿಸಬೇಕು. ಜಂತುನಾಶಕ ಕೊಡಿಸುವುದಕ್ಕೂ ಇದೇ ಸರಿಯಾದ ಕಾಲ. ಈ ಅವಧಿಯಲ್ಲಿ ನೀರಿನ ಬಕೆಟ್, ಪೊರಕೆ ಎಲ್ಲವೂ ಬೇರೆಯಿರಬೇಕು. ಹಳೆಯ ಹಿಂಡಿನ ಕೆಲಸ ಮುಗಿಸಿದ ಮೇಲೆಯೇ ಹೊಸ ಮರಿಗಳ ಬಳಿ ಹೋಗಬೇಕು.

ಹಿಂಡಿನ ವರ್ತನೆ: ಮೇಕೆಗಳಲ್ಲಿ ಮೇಲುಕೀಳಿನ ಕ್ರಮ ಸ್ಪಷ್ಟ. ವಯಸ್ಸು, ಮೈಕಟ್ಟು, ಕೊಂಬುಗಳ ಬಲದಿಂದ ಅದು ನಿರ್ಧಾರವಾಗುತ್ತದೆ. ಹೊಸಬರನ್ನು ಮೂಸಿ, ಹಾಯ್ದು, ಅಟ್ಟಿಸಿಕೊಂಡು ಹೋಗುವುದು ಸಹಜ. ಒಂಟಿ ಮೇಕೆಗಳನ್ನು ಸಣ್ಣ ಗುಂಪುಗಳಿಗೆ ಬಿಟ್ಟು ಸ್ವಿಟ್ಜರ್‌ಲೆಂಡಿನ ಸಂಶೋಧಕರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹೊಸದಾಗಿ ಬಂದ ಮೇಕೆ ಮೇಯುವುದೂ ಮಲಗುವುದೂ ಕಡಿಮೆಯಾಗಿತ್ತು, ಒತ್ತಡದ ಹಾರ್ಮೋನಿನ ಕುರುಹು ಹೆಚ್ಚಿತ್ತು. ಮೊದಲಿನಿಂದ ಇದ್ದವಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಿರಲಿಲ್ಲ. ಸೇರ್ಪಡೆಯ ನೋವೆಲ್ಲ ಹೊಸ ಮರಿಯದೇ. ಆದ್ದರಿಂದ ಒಂದೇ ಮರಿ ತರುವ ಬದಲು ಒಟ್ಟಿಗೆ ಬೆಳೆದ ಎರಡು ಮರಿಗಳನ್ನು ತರುವುದು ಲೇಸು.

ಒಗ್ಗಿಸುವ ಬಗೆ: ಮೂರು ವಾರದ ನಂತರ ನಡುವೆ ಜಾಲರಿ ಅಥವಾ ಬಿದಿರಿನ ತಡಿಕೆ ಕಟ್ಟಿ, ಎರಡೂ ಕಡೆಯವು ಪರಸ್ಪರ ನೋಡಿ ಮೂಸುವಂತೆ ಕೆಲವು ದಿನ ಬಿಡಬೇಕು. ಬಳಿಕ ಹಿಂಡಿನ ಸಾಧು ಮೇಕೆಯೊಂದನ್ನು ಮರಿಗಳ ಜೊತೆ ಬಿಟ್ಟು, ಅವು ಹೊಂದಿಕೊಂಡ ಮೇಲೆ ಎಲ್ಲವನ್ನೂ ಹಗಲಿನಲ್ಲಿ, ಹೊಟ್ಟೆ ತುಂಬಿರುವಾಗ, ಬಯಲಿನಲ್ಲಿ ಒಟ್ಟುಗೂಡಿಸಬೇಕು. ಗಬ್ಬದ ಮೇಕೆಗಳನ್ನು ಈ ಗಲಾಟೆಯಿಂದ ದೂರವಿಡಬೇಕು. ಕೊಟ್ಟಿಗೆಯಲ್ಲಿ ಮೇವನ್ನು ಎರಡು ಮೂರು ಕಡೆ ಹಂಚಿ ಕಟ್ಟಬೇಕು. ದೊಡ್ಡವು ನುಗ್ಗಲಾಗದ, ಮರಿ ಮಾತ್ರ ತೂರುವಷ್ಟು ಕಿರಿದಾದ ಕಂಡಿಯ ಮೂಲೆಯೊಂದಿರಬೇಕು. ರಕ್ತ ಬರುವಂತೆ ತಿವಿದರೆ, ಮರಿ ಮೇವಿನ ಹತ್ತಿರ ಸುಳಿಯದಿದ್ದರೆ ಮತ್ತೆ ಬೇರ್ಪಡಿಸಬೇಕು.

ಮೇವು: ಮೇವನ್ನು ಏಕಾಏಕಿ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ಮರಿ ತಂದ ಕಡೆಯ ಸೊಪ್ಪು, ಹುಲ್ಲಿನ ಜೊತೆ ಹೊಸ ಮೇವನ್ನು 7ರಿಂದ 10 ದಿನಗಳಲ್ಲಿ ನಿಧಾನವಾಗಿ ಬೆರೆಸುತ್ತ ಬರಬೇಕು. ಅಪಾರ್ಟ್‌ಮೆಂಟ್ ಮತ್ತು ಕಚೇರಿ ಉದ್ಯಾನಗಳಲ್ಲಿ ಕತ್ತರಿಸಿ ಹಾಕಿದ ಸೊಪ್ಪನ್ನು ಪರೀಕ್ಷಿಸದೆ ಹಾಕಬಾರದು: ಅಲಂಕಾರಕ್ಕೆ ಬೆಳೆಸುವ ಕಣಗಿಲೆಯ ಎಲೆ ಸ್ವಲ್ಪವೇ ತಿಂದರೂ ಹೃದಯಕ್ಕೆ ಮಾರಕ. ಖಾಲಿ ಸೈಟುಗಳಲ್ಲಿ ಮೇಯುವಾಗ ನುಂಗಿದ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿದು ಮೇವಿನ ದಾರಿಗೆ ಅಡ್ಡಿಯಾಗುತ್ತದೆ. ಸೇರಿಸಿದ ಮೊದಲ ತಿಂಗಳು ವಾರಕ್ಕೊಮ್ಮೆ ಮರಿಯನ್ನು ತೂಗಬೇಕು. ತೂಕ ಇಳಿಯುತ್ತಿದ್ದರೆ ಅದಕ್ಕೆ ಮೇವು ದಕ್ಕುತ್ತಿಲ್ಲ ಅಥವಾ ಆರೋಗ್ಯ ಕೆಟ್ಟಿದೆ ಎಂದು ತಿಳಿಯಬೇಕು.